ಕೂಗಿನ ಹಿಂದುಮುಂದು

ಕೂಗು ಬಂತು, ಕನ್ನಡಿಯ ಮೇಲಿನ ಟಿವಿಯಿಂದ, ಗಲ್ಲದ ಕೆಳಗೆ ಕತ್ತಿ ನಿಂತಿರುವಾಗಲೇ — ಸಾರ್ ಅಲ್ಲಾಡ್ಬೇಡಿ, ಕುಯ್ದೋಗುತ್ತೆ, ಎಂದ ಕ್ಷೌರಿಕ, ಹಳೇ ದೆವ್ವದ ಸಿನಿಮಾಕ್ಕೆಲ್ಲ ಹಿಂಗ್ ಬೆಚ್ಚಿಬಿದ್ರೆ ಹೆಂಗೆ — ಅವನು ಬೆಚ್ಚಿದ್ದು ದೆವ್ವಕ್ಕಲ್ಲ, ದೆವ್ವಗಳಿಗೆ ಸದ್ದು ಕೂರಿಸಿದವನೇ ಅವನು, ಟಿವಿಗೆಂದೇ ಚಕಚಕನೆ ಶೂಟಿಂಗ್ ಮುಗಿಸಿ ಬಿಸಾಡುತ್ತಿದ್ದ ಆ ಕೊಲೆ-ದೆವ್ವದ ಚಿತ್ರಗಳಲ್ಲಿ ಬಾಗಿಲು ಕಿರ್ರೆನ್ನುವುದು, ಮೆಟ್ಟಿಲ ಮೇಲಿನ ಹೆಜ್ಜೆ, ಗಾಳಿ, ಎಲ್ಲ ಅವನ ಕೈಯದೇ, ಕೂಗು ಮಾತ್ರ ಅಕ್ಕನದು. ಅಕ್ಕ ಹೋಗಿ ವರ್ಷಗಳಾದವು, ಕೂಗು ಇನ್ನೂ ಮಧ್ಯಾಹ್ನ ಮಧ್ಯಾಹ್ನ ಬರುತ್ತದೆ, ಕತ್ತಿ ಮತ್ತೆ ಕೆನ್ನೆಗಿಳಿಯಿತು, ತಣ್ಣಗೆ, ಆ ದಿನ ಅಕ್ಕ ಸ್ಟುಡಿಯೋಗೆ ಊಟದ ಡಬ್ಬಿ ಕೊಡಲು ಬಂದಿದ್ದಳು ಅಷ್ಟೆ, ನಾಯಕಿಗೆ ಗಂಟಲು ಕೆಟ್ಟಿತ್ತು, ನಿರ್ಮಾಪಕ ತಲೆ ಮೇಲೆ ಕೈಹೊತ್ತು ಕೂತಿದ್ದ, ಅದಕ್ಯಾಕ್ ಅಷ್ಟು ಒದ್ದಾಡ್ತೀರಿ, ನಾನೇ ಕಿರುಚ್ತೀನಿ, ಇವನ ಜೊತೆ ಬೆಳೆದೋಳಿಗೆ ಕಿರುಚೋದು ಯಾರಾದ್ರೂ ಹೇಳ್ಕೊಡ್ಬೇಕಾ — ಗಾಜಿನಾಚೆ ಮೈಕಿನ ಮುಂದೆ ನಿಂತು ಹಲೋ ಹಲೋ ಎಂದಳು, ಯಾವುದೋ ಹಾಡು ಗುನುಗಿದಳು, ಏನೋ, ಬಿದ್ದು ಸಾಯೋ ಕೂಗಾ, ದೆವ್ವ ಕಂಡ ಕೂಗಾ, ನೆಟ್ಟಗ್ ಹೇಳೋ — ಆಮೇಲೆ ಕೂಗಿದಳು, ಅಯ್ಯಬ್ಬಾ, ನಿರ್ಮಾಪಕನ ಕೈಯ ಟೀ ಚೆಲ್ಲಿತು. ಕೂಗು ಮುಗಿದದ್ದೇ ತಡ ಅವನು ರೆಕಾರ್ಡಿಂಗ್ ನಿಲ್ಲಿಸಿದ, ಸ್ಪೀಕರಿನ ದನಿ ಇಳಿಸಿದ, ಅದೇ ಕೈಗಂಟಿದ ಚಾಳಿ, ಬೇಕಾದ್ದು ಸಿಕ್ಕಿತಲ್ಲ, ಗಾಜಿನಾಚೆ ಅಕ್ಕ ನಗುತ್ತ, ಅವನತ್ತ ಬೆರಳು ತೋರಿಸಿ ಏನೋ ಹೇಳುತ್ತಲೇ ಇದ್ದಳು, ತುಟಿ ಆಡುತ್ತಿತ್ತು, ಇತ್ತ ಸದ್ದಿಲ್ಲ, ಏನಂದೆ ಎಂದು ಕೇಳಲೂ ಇಲ್ಲ, ಸಂಜೆಯೊಳಗೆ ಚಿತ್ರ ಒಪ್ಪಿಸಬೇಕಿತ್ತು.

ಕೂಗಿನ ಮುಂದಿನದು ಟೇಪಿಗೆ ಸಿಗಲೇ ಇಲ್ಲ, ಹಿಂದಿನದನ್ನು ಅವನೇ ಕತ್ತರಿಸಿದ, ಹಲೋ, ಹಾಡು, ಆ ‘ಏನೋ’ — ಕಸ ಎನ್ನುತ್ತಿದ್ದರು ಅದಕ್ಕೆಲ್ಲ — ಕಸ ಗುಡಿಸಿ ಕೂಗನ್ನು ಚೊಕ್ಕವಾಗಿ ಇಟ್ಟುಕೊಂಡ, ಮುಂದೆ ಬಂದ ಚಿತ್ರಗಳಲ್ಲೆಲ್ಲ ಬಾವಿಗೆ ಬಿದ್ದವಳಿಗೂ ಅದೇ, ಕಪಾಟಿನಲ್ಲಿ ಹೆಣ ಕಂಡವಳಿಗೂ ಅದೇ, ಅಕ್ಕ ಟಿವಿ ಮುಂದೆ ಚಪ್ಪಾಳೆ ತಟ್ಟಿ, ಅಗೋ, ಮತ್ತೆ ಸತ್ತೆ ನೋಡ್ರೇ, ಎಂದು ಮನೆಮಂದಿಯನ್ನೆಲ್ಲ ಕರೆಯುತ್ತಿದ್ದಳು, ನಿಜವಾಗಿ ಹೋಗುವಾಗ ಮಾತ್ರ ಆಸ್ಪತ್ರೆಯಲ್ಲಿ ಕಮಕ್ ಕಿಮಕ್ ಎನ್ನಲಿಲ್ಲ. ನಿನ್ನೆ ಅವಳ ಮಗಳ ಫೋನು, ಹಿಂದೆ ಕೂಸಿನ ಅಳು, ಮಾಮ, ಮನೇಲಿರೋದೆಲ್ಲ ಬರೀ ಫೋಟೋ, ಅಮ್ಮನ ದನಿ ನಿನ್ ಹತ್ರ ಇದ್ದೇ ಇರುತ್ತೆ, ಅಜ್ಜಿ ಹೆಂಗ್ ಮಾತಾಡ್ತಿದ್ಲು ಅಂತ ಇವಳಿಗೆ ಕೇಳಿಸ್ಬೇಕು, ನಾಳೆ ಸಂಜೆ ಬರ್ತೀವಿ — ಹೂಂ ಬಾಮ್ಮ ಎಂದ, ಯಾವ ಬಾಯಿಂದ ಎಂದನೋ, ಬೆಳಗಿನಿಂದ ಟೇಪಿನ ಪೆಟ್ಟಿಗೆಗಳನ್ನೆಲ್ಲ ಜಾಲಾಡಿದ್ದಾಯಿತು, ಇರುವುದು ಅದೊಂದೇ, ಹಿಂದಿಲ್ಲದ ಮುಂದಿಲ್ಲದ ಕೂಗು. ತುಕ್ಕು ಹಿಡಿದ ಕೀಲಿನ ಸದ್ದು ಬಗೆಬಗೆಯದಿದೆ, ನಾಯಿ ಊಳಿಡುವುದಿದೆ, ಒಡಹುಟ್ಟಿದವಳ ಒಂದು ‘ಏನೋ’ ಇಲ್ಲವಲ್ಲ, ಥೂ ನನ್ನ ಬುದ್ಧಿಗಿಷ್ಟು, ಕೂಸಿನ ಕಿವಿಗೆ ಏನು ಹಿಡಿಯಲಿ, ನಿನ್ನಜ್ಜಿ ಸಾಯುತ್ತಿದ್ದಾಳೆ ಕೇಳಮ್ಮ ಎನ್ನಲೇ — ಸಾರ್, ಆಯ್ತು, ಮುಖ ತೊಳ್ಕೊಳಿ, ಏನ್ ಕಣ್ಣಿಗ್ ಸೋಪು ಹೋಯ್ತಾ — ಕ್ಷೌರಿಕ ಟಿವಿಯ ದನಿ ಅಡಗಿಸಿದ, ತೆರೆಯ ಮೇಲೆ ಯಾವಳೋ ಬಾಯಿ ಆಡಿಸುತ್ತಿದ್ದಾಳೆ, ಸದ್ದಿಲ್ಲ, ಗಾಜಿನಾಚೆ ಅಕ್ಕ, ಬೆರಳು ಅವನತ್ತ, ನಗುತ್ತಿದ್ದಾಳೆ, ಏನೋ ಹೇಳುತ್ತಿದ್ದಾಳೆ, ಏನು, ಏನಂದೆ ಅಕ್ಕ, ಇನ್ನೊಂದ್ಸಲ ಹೇಳೇ — ಗಾಜಿನಾಚೆ ತುಟಿ ಆಡುತ್ತಿದೆ.