ಅಮ್ಮ ತಿಕ್ಕದೆ ಬಿಟ್ಟ ಅಂಗಳ

ನಮ್ಮ ಕೆಂಪೆನ್ ಸೀಮೆಯಲ್ಲಿ ಶನಿವಾರ ಬೆಳಿಗ್ಗೆ ಅಂಗಳ ತಿಕ್ಕದ ಹೆಂಗಸು ಒಂದೋ ಹಾಸಿಗೆ ಹಿಡಿದಿರಬೇಕು, ಇಲ್ಲವೇ ಸತ್ತಿರಬೇಕು. ನನ್ನ ಅಮ್ಮ ಇರ್ಮಾ ಬ್ಲೀಚಿಂಗ್ ನೀರಿನ ಬಕೆಟ್ಟು ಹಿಡಿದು ಇಳಿದರೆ ಕಲ್ಲಿಗೂ ಉಳಿಗಾಲವಿಲ್ಲ.

ಅವಳಿಗೆ ತೊಳೆಯಲಾಗದ್ದು ಹಿತ್ತಿಲ ಮಣ್ಣೊಂದೇ. ಸತುವಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪ, ಬಿಟ್ಟಿ ಸಿಗುತ್ತದೆಂದು ಅಲ್ಲಿಯ ಬೂದಿ ತಂದು ಕಾಲುದಾರಿಗೆ ಹಾಸಿದ್ದರು. ಊರೆಲ್ಲ ಹಾಗೇ ಮಾಡಿತ್ತು, ದಡ್ಡತನದಲ್ಲಿ ನಮ್ಮೂರು ಒಗ್ಗಟ್ಟಿನದು. ಈಗ ಮಣ್ಣಿನ ತುಂಬ ಸತು, ಕ್ಯಾಡ್ಮಿಯಂ.

ವಿಶ್ವವಿದ್ಯಾಲಯದ ಹಿಲ್ಡೆ ಬಂದು ಅಂಗಳದಲ್ಲಿ ಮರಳಿನ ತೊಟ್ಟಿಯೊಂದನ್ನು ಇಟ್ಟಳು. ಅದರಲ್ಲಿ ಕಾರ್ಖಾನೆಯ ಕೆಸರಿನಲ್ಲೇ ಹುಟ್ಟಿ ಬೆಳೆದ ಬ್ಯಾಕ್ಟೀರಿಯಾ. ಲೋಹದ ವಿಷಕ್ಕೆ ಜಗ್ಗದೆ ಅದನ್ನೇ ಹಿಡಿದಿಡುವ ಜೀವಿಗಳು. ಮಣ್ಣಿಗಿಳಿದ ನೀರನ್ನು ಎತ್ತಿ, ತೊಟ್ಟಿಯಲ್ಲಿ ಹಾಯಿಸಿ, ಮತ್ತೆ ಮಣ್ಣಿಗೆ ಬಿಡುವುದು. ಗುಣ ಕಾಣದಿದ್ದರೆ ವಸಂತಕ್ಕೆ ಜೆಸಿಬಿ ಬಂದು ಹಿತ್ತಿಲನ್ನೇ ಬಗೆದು ಒಯ್ಯುತ್ತದೆ, ಅಪ್ಪ ನೆಟ್ಟ ಚೆರ್ರಿ ಮರದ ಸಮೇತ.

ಬೇಸಿಗೆ ಕಳೆದರೂ ನೀರು ಸುಧಾರಿಸಲಿಲ್ಲ. ಹಿಲ್ಡೆ ಮರಳನ್ನು ಮೂಸಿ ನೋಡಿದಳು.

“ಇರ್ಮಮ್ಮ, ಇದಕ್ಕೇನಾದ್ರೂ ಹಾಕಿದ್ರಾ?”

“ಹಾಕೋದೇನು? ಲೋಳೆ ಕಟ್ಟಿತ್ತು. ಶನಿವಾರ ಶನಿವಾರ ತಿಕ್ಕಿ ತೊಳೀತಿದ್ದೆ. ನೋಡಿದೋರು ಏನಂದ್ಕೋತಾರೆ?”

“ಆ ಲೋಳೆ ಅಂದ್ರೇನೇ ಅವು. ಕ್ಯಾಡ್ಮಿಯಂಗೆ ಸಾಯದೇ ಇದ್ದವು ನಿಮ್ಮ ಬ್ಲೀಚಿಂಗಿಗೆ ಸತ್ತವು. ಅಂಗಳಕ್ಕೂ ಅದನ್ನ ಹಾಕ್ಬೇಡಿ, ಇಳಿದು ಇಲ್ಲಿಗೇ ಬರುತ್ತೆ.”

ನನಗೆ ನಗು ತಡೆಯಲಿಲ್ಲ. ಅಮ್ಮ ನಗಲಿಲ್ಲ.

“ನಿಮ್ಮಪ್ಪ ಕೆಲಸದಿಂದ ಬಂದಾಗೆಲ್ಲ ಬಟ್ಟೆ ಬಾಗಿಲಲ್ಲೇ ಬಿಚ್ಚಿಸ್ತಿದ್ದೆ ಕಣೇ. ಆ ಧೂಳು ನಿನ್ನ ಬಾಯಿಗೆ ಹೋಗ್ಬಾರ್ದು ಅಂತ ತಿಕ್ಕಿದ್ದೇ ತಿಕ್ಕಿದ್ದು. ಆದ್ರೂ ಆ ವಿಷಕ್ಕೆ ಅವರ ಕಿಡ್ನಿ ಹೋಯ್ತು, ಅವರೂ ಹೋದ್ರು. ಈಗ ನಾನು ತಿಕ್ಕಿದ್ದೇ ತಪ್ಪಾಯ್ತಾ?”

ನಕ್ಕಿದ್ದಕ್ಕೆ ನಾಚಿಕೆಯಾಯಿತು. ಹಿಲ್ಡೆ ಹೊಸ ಜೀವಿಗಳನ್ನು ಬಿಟ್ಟು, ಅವಕ್ಕೆ ಉಣಿಸಲು ಒಂದು ಡಬ್ಬಿ ಕಾಕಂಬಿ ಕೊಟ್ಟು ಹೋದಳು.

ಮುಂದಿನ ಶನಿವಾರ ಬೀದಿಯುದ್ದಕ್ಕೂ ಬ್ರಶ್ಶಿನ ಸದ್ದು. ಅಮ್ಮ ಮಾತ್ರ ಕೈಕಟ್ಟಿ ನಿಂತಿದ್ದಳು. ಚಳಿಗಾಲದ ಹೊತ್ತಿಗೆ ಅಂಗಳ ಹಸಿರಾಯಿತು. ಪಕ್ಕದ ಮನೆಯ ಮಾರಿಯೆಟ್ ಬೇಲಿಯ ಮೇಲಿಂದ ಕತ್ತು ಚಾಚಿದಳು.

“ಹುಷಾರಿಲ್ವೇನೆ ಇರ್ಮಾ? ಪಾಚಿ ಮೇಲೆ ಹಸು ಮೇಯಿಸ್ಬಹುದು ನೋಡು.”

ಅಮ್ಮನ ಮುಖ ಕೆಂಪೇರಿತು. ಆದರೂ ಬ್ರಶ್ಶು ಮುಟ್ಟಲಿಲ್ಲ.

ವಸಂತದಲ್ಲಿ ಹಿಲ್ಡೆ ನೀರು ಪರೀಕ್ಷಿಸಿ ಬಂದಳು. ನೀರಿನಲ್ಲಿ ಲೋಹ ಕಡಿಮೆಯಾಗುತ್ತಿದೆ, ಜೆಸಿಬಿ ಬರುವುದಿಲ್ಲ ಎಂದಳು. ಚೆರ್ರಿ ಹೂಬಿಟ್ಟಿತ್ತು. ಅಮ್ಮ ಆಗಲೇ ತೊಟ್ಟಿಯ ಬಳಿ ಕೂತು ಕಾಕಂಬಿ ಕಲಸುತ್ತಿದ್ದಳು.

“ಅಷ್ಟೊಂದು ಯಾಕಮ್ಮಾ?” ಎಂದೆ.

“ತಿನ್ಲಿ ಬಿಡು. ನಿಮ್ಮಪ್ಪನ ಮೈಯಿಂದ ಆ ವಿಷ ತೆಗೆಯೋಕೆ ನನ್ನ ಕೈಲಾಗ್ಲಿಲ್ಲ. ಅವರ ಮರದ ಬುಡದಿಂದಾದ್ರೂ ಇವು ತೆಗೀಲಿ.”