ಮೌತ್ ಆರ್ಗನ್ನಿನ ಗ್ಯಾರಂಟಿ

ಬಂಗಾರಪೇಟೆಯ ಚಲಪತಿ ಶೆಟ್ಟರದು ಸಕ್ಕರೆಯಂಥ ಬಾಯಿ. ನಮ್ಮ ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರಿಗೆ ಮೌತ್ ಆರ್ಗನ್ ಮಾರುವಾಗ, "ತಗೋ ಆಂಜಿನಪ್ಪ, ನೀನು ಬದುಕಿರೋವರ್ಗೂ ಗ್ಯಾರಂಟಿ. ಸ್ವರ ಕೆಟ್ರೆ ತಂದಾಕು, ಒಂದು ಕಾಸೂ ಕೊಡ್ಬೇಡ" ಎಂದಿದ್ದರಂತೆ. ಅಷ್ಟಕ್ಕೇ ಇವರು ಕರಗಿ ನೀರಾದರು. ಹಬ್ಬಕ್ಕೆ ಒಂದು ಸೀರೆ ಕೇಳಿದರೆ ಮೂಗು ಮುರಿಯುವ ಮನುಷ್ಯ, ಅಂಗೈಯಗಲದ ಆ ತಗಡಿಗೆ ಸಂಬಳ ಸುರಿದು ಬಂದಿದ್ದರು.

ಸುಳ್ಳೇಕೆ ಹೇಳಲಿ, ಚೆನ್ನಾಗಿ ನುಡಿಸುತ್ತಿದ್ದರು. ನಂದಿದುರ್ಗ ಚಿನ್ನದ ಗಣಿಯ ಕೂಲಿಕಾರರ ಲೈನ್ ಮನೆಗಳ ಸಾಲಿನಲ್ಲಿ ನಮ್ಮದು ಕೊನೆಯದು. ಶಿಫ್ಟ್ ಮುಗಿಸಿ, ಮೈ ತೊಳೆದು, ಬಾಗಿಲ ಮುಂದೆ ಕೂತು ಊದತೊಡಗಿದರೆ ತಮಿಳಿನವರು, ತೆಲುಗಿನವರು, ನಮ್ಮ ಕಡೆಯವರು ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ನಾನು ಒಳಗೆ ಮುದ್ದೆ ತಿರುವುತ್ತಾ ಕೇಳುತ್ತಿದ್ದೆ. ಹೆಮ್ಮೆಯಾಗುತ್ತಿತ್ತು. ಹೇಳಿದರೆ ಇವರ ತಲೆ ನಿಲ್ಲುವುದಿಲ್ಲ ಎಂದು ಬಾಯಿ ಬಿಡುತ್ತಿರಲಿಲ್ಲ.

ಗಣಿಯನ್ನು ಸರ್ಕಾರ ವಹಿಸಿಕೊಂಡ ವರ್ಷ ಕೆಮ್ಮು ಶುರುವಾಯಿತು. ಇವರದು ಭೂಮಿಯ ಒಳಗೆ ಬಂಡೆಗೆ ತೂತು ಕೊರೆಯುವ ಕೆಲಸ. ಕಲ್ಲಿನ ಪುಡಿ ಮೂಗು, ಬಾಯಿ, ಕಣ್ರೆಪ್ಪೆ ಎಲ್ಲದರಲ್ಲೂ ಇರುತ್ತಿತ್ತು. ಪಕ್ಕದ ಮನೆಯ ಬಚ್ಚಪ್ಪನೂ ಅದೇ ಕೆಲಸದವನು. ಕೆಮ್ಮಿ ಕೆಮ್ಮಿ ಕಡ್ಡಿಯಾಗಿ ಸತ್ತ. ಅವನ ಹೆಂಡತಿ ಪಾಪಕ್ಕ ಮನೆ ಖಾಲಿ ಮಾಡುವ ದಿನ ನನ್ನ ಕೈ ಹಿಡಿದು, "ನೋಡೇ ತಂಗಿ, ನಿನ್ ಗಂಡನ್ನ ಬೇಗ ಆಸ್ಪತ್ರೆಗೆ ಕರ್ಕೊಂಡೋಗಿ ಎದೆ ಫೋಟೋ ತೆಗೆಸೇ. ನಾವು ತಡ ಮಾಡಿ ಕೆಟ್ವಿ" ಎಂದಳು. ಫೋಟೋದಲ್ಲಿ ಮಚ್ಚೆ ಕಂಡರೆ ಮತ್ತೆ ಕೆಳಗೆ ಇಳಿಸುವುದಿಲ್ಲ, ಮೇಲಿನ ಹಗುರ ಕೆಲಸಕ್ಕೆ ಹಾಕುತ್ತಾರೆ. ಜೀವ ಉಳಿಯುವ ದಾರಿ ಅದೊಂದೇ.

ಅಂದಿನಿಂದ ನನಗೆ ಅದೇ ಜಪ. ಇವರು ಕೇಳಬೇಕಲ್ಲ! "ಮೇಲಿನ ಕೆಲ್ಸ ಮುದುಕ್ರು ಮಾಡೋದು. ನನ್ನೆದೆ ಬಂಡೆ ಇದ್ದಂಗೈತೆ, ಓಗೇ" ಎಂದು ಗದರುತ್ತಿದ್ದರು. ಫೋಟೋ ತೆಗೆಯುವವರು ಕರೆದ ದಿನ ಊರಿಗೆ ಹೋಗಿಬಿಡುತ್ತಿದ್ದರು.

ಆಮೇಲೆ ಮೌತ್ ಆರ್ಗನ್ ಕೈಕೊಟ್ಟಿತು. ಮೊದಲು ಮೇಲಿನ ಸ್ವರಗಳು ನಿಂತವು, ಆಮೇಲೆ ಉಳಿದವೂ ಸಣ್ಣಗಾದವು. "ಒಳಗೆ ಪಟ್ಟಿ ಕೆಟ್ಟೋಗೈತೆ. ಅದ್ಕೇನಂತೆ, ಗ್ಯಾರಂಟಿ ಐತಲ್ಲ" ಎಂದು ರೈಲು ಹತ್ತಿ ಹೋದರು. ಶೆಟ್ಟರು ತಗಡು ಬಿಚ್ಚಿ, ಒಳಗಿನ ಹಿತ್ತಾಳೆ ಪಟ್ಟಿಗಳನ್ನು ಕುಂಚದಿಂದ ಉಜ್ಜಿ, ಒಂದೊಂದನ್ನೇ ಗುಂಡುಪಿನ್ನಿನಿಂದ ಮೀಟಿ, "ಸರಿಹೋಯ್ತು" ಎಂದು ಕೊಟ್ಟರಂತೆ. ಬಾಯಿಗಿಟ್ಟು ನೋಡಲಿಲ್ಲ. ಇನ್ನೊಬ್ಬರ ಎಂಜಲನ್ನು ಶೆಟ್ಟರು ಮುಟ್ಟುತ್ತಾರೆಯೇ? ಲೈನಿನಲ್ಲಿ ಬೀಡಿ ಹಂಚಿಕೊಂಡು ಸೇದುವವರು ಕೂಡ ಅದನ್ನು ಬಾಯಿಗಿಡುತ್ತಿರಲಿಲ್ಲ. ಅದನ್ನು ಊದಿದ್ದು ಇವರೊಬ್ಬರೇ, ಕೆಟ್ಟಿದೆ ಎಂದಿದ್ದೂ ಇವರೊಬ್ಬರೇ.

ಮನೆಗೆ ಬಂದರೆ ಮತ್ತೆ ಅದೇ ಪಾಡು. ಇನ್ನೊಂದು ಸಲ ಹೋಗಿ ಬಂದರು, ಆಗಲೂ ಅಷ್ಟೇ. ಮುಂದಿನ ಸಲ ನಾನೂ ಜೊತೆಗೆ ಹೊರಟೆ. ಸ್ಟೇಷನ್ನಿಗೆ ನಡೆಯುವಷ್ಟರಲ್ಲಿ ಕಂಬ ಕಂಬಕ್ಕೂ ನಿಂತು ಉಸಿರು ಎಳೆದುಕೊಳ್ಳುವ ಮನುಷ್ಯನನ್ನು ಒಬ್ಬರನ್ನೇ ಹೇಗೆ ಕಳಿಸಲಿ?

ಅಂಗಡಿಯಲ್ಲಿ ಇವರು ಹಾರಾಡಿದರು. "ಇದೇನ್ ಶೆಟ್ರೇ, ಗ್ಯಾರಂಟಿ ಅಂತ ಬೂಸಿ ಬಿಟ್ರಾ? ಇದ್ರಾಗೆ ಸ್ವರಾನೇ ಇಲ್ಲ!" ಅಷ್ಟು ಹೇಳಿ ಗಲ್ಲಾಪೆಟ್ಟಿಗೆ ಹಿಡಿದು ಕೆಮ್ಮಿದರು. ಶೆಟ್ಟರು ಪಾಪ, ಗಾಬರಿಯಾದರು. "ಸಿಟ್ಟಾಗ್ಬೇಡಪ್ಪ. ಮಾತು ಕೊಟ್ಟಿದ್ದೀನಿ, ತಪ್ಪಲ್ಲ" ಎಂದು ಬೀರುವಿನಿಂದ ಹೊಸ ಡಬ್ಬಿ ತೆಗೆದು, ಕಾಗದ ಹರಿದು, ಹೊಸದೇ ಒಂದನ್ನು ಕೊಟ್ಟುಬಿಟ್ಟರು.

ನನಗೆ ತಡೆಯಲಾಗಲಿಲ್ಲ. "ಇದಕ್ಕೆ ಗ್ಯಾರಂಟಿ ಕೊಟ್ರಲ್ಲ ಶೆಟ್ರೇ, ಊದೋರಿಗೆ ಯಾರು ಕೊಡ್ತಾರೆ?" ಎಂದೆ.

"ಬಾಯಿ ಮುಚ್ಚೇ" ಎಂದು ಇವರು ಕಣ್ಣು ಕೆಂಪಗೆ ಮಾಡಿದರು.

ವಾಪಸ್ಸು ಬರುವ ರೈಲು ಅರ್ಧ ಖಾಲಿ. ಕಿಟಕಿ ಪಕ್ಕ ಕೂತು, ಹೊಸ ಮೌತ್ ಆರ್ಗನ್ನನ್ನು ಪಂಚೆಯಲ್ಲಿ ಒರೆಸಿ, ಹಬ್ಬದ ಮುಖ ಮಾಡಿಕೊಂಡು ಬಾಯಿಗಿಟ್ಟರು. ಊದಿದರು. ಬರೀ ಗಾಳಿ ಸೋರಿತು. ಕುತ್ತಿಗೆಯ ನರ ಉಬ್ಬಿಸಿ ಮತ್ತೆ ಊದಿದರು. ಏನೂ ಇಲ್ಲ.

"ಇದೂ ಕೆಟ್ಟಿದ್ದೇ! ಶೆಟ್ಟಿ ಮೋಸ ಮಾಡ್ದ ಕಣೇ. ಮುಂದಿನ ಸ್ಟೇಷನ್ನಾಗೆ ಇಳ್ದು ವಾಪಸ್ ಓಗೋಣ, ಏಳು."

ನನಗೆ ಎಲ್ಲಿಲ್ಲದ ಕೋಪ ಬಂತು. "ಕೊಡಿ ಇಲ್ಲಿ" ಎಂದು ಕಿತ್ತುಕೊಂಡೆ. ಇವರು ಉಂಡ ತಟ್ಟೆಯಲ್ಲೇ ಉಣ್ಣುತ್ತಾ ಬಂದವಳು ನಾನು, ನನಗೆ ಯಾವ ಎಂಜಲು? ಬಾಯಿಗಿಟ್ಟು, ಇದ್ದ ಸಿಟ್ಟನ್ನೆಲ್ಲ ಸೇರಿಸಿ ಊದಿದೆ.

ಅಬ್ಬಾ! ರೈಲು ಡಬ್ಬಿಯೆಲ್ಲ ತುಂಬುವ ಹಾಗೆ ಕೂಗಿತು. ಸೊಪ್ಪಿನ ಮಂಕರಿ ಇಟ್ಟುಕೊಂಡಿದ್ದ ಹೆಂಗಸರು ತಿರುಗಿ ನೋಡಿ ನಕ್ಕರು. ನಾಚಿಕೆಯಿಂದ ಬಾಯಿಂದ ತೆಗೆದೆ. ತೆಗೆದು ಇವರ ಮುಖ ನೋಡಿದೆ. ಅಯ್ಯೋ, ಯಾಕಾದರೂ ಊದಿದೆನೋ ಅನ್ನಿಸಿತು.

"ಇನ್ನೊಂದ್ಸಲ ಊದು" ಎಂದರು ಮೆಲ್ಲಗೆ. ಬೇಡ ಅಂದೆ. "ಊದೇ" ಎಂದರು. ಊದಿದೆ. ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರಗಳೂ ಇದ್ದವು. ಇವರು ತಲೆ ಬಗ್ಗಿಸಿಕೊಂಡು ಕೇಳಿದರು.

"ಶೆಟ್ರ ಮಾಲು ಒಳ್ಳೇದೇ ಕಣೇ" ಎಂದರು.

ಮುಂದಿನ ಸ್ಟೇಷನ್ ಬಂತು, ಹೋಯಿತು. ಇವರು ಏಳಲಿಲ್ಲ. ನಮ್ಮ ಸ್ಟೇಷನ್ ಉರಿಗಾಂನಲ್ಲಿ ಇಳಿಯುವಾಗ, ನಾಲ್ಕು ಜನರೆದುರು ನನ್ನ ನೆರಳನ್ನೂ ಸೋಕದ ಗಂಡಸು, ನನ್ನ ಭುಜ ಹಿಡಿದುಕೊಂಡು ಮೆಟ್ಟಿಲಿಳಿದರು. ಪ್ಲಾಟ್‌ಫಾರಂ ಮೇಲೆ ಬಹಳ ಹೊತ್ತು ನಿಂತು ಉಸಿರು ಕೂಡಿಸಿಕೊಂಡರು.

"ಎದೆ ಫೋಟೋ ತೆಗಿಯೋರು ನಾಳೆ ಇರ್ತಾರೇನೇ?" ಎಂದು ಕೇಳಿದರು.

ಇರ್ತಾರೆ ಅಂದೆ. ಆ ಒಂದು ಮಾತು ಇವರ ಬಾಯಲ್ಲಿ ಬರಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತವಳು ನಾನು. ಬಂದಾಗ ಮಾತ್ರ, ಮೊದಲಿನ ಹಾಗೆ ನನ್ನನ್ನು ಗದರಿದ್ದರೇ ಚೆನ್ನಾಗಿತ್ತು ಅನ್ನಿಸಿತು.