ಇಂಜಿನ್ ಮೇಲಿನ ಡಬ್ಬಿ

ಲಾರಿಯ ಬಾಗಿಲು ತೆಗೆದದ್ದೇ ತಡ, ಕಾದ ಕಬ್ಬಿಣ, ಡೀಸೆಲ್ಲು, ಬಿಸಿ ಅನ್ನ ಮೂರೂ ಬೆರೆತು ಸೀಟಿಗೆ ಹತ್ತಿಹೋಗಿದ್ದ ವಾಸನೆ ಮಗಳ ಮೂಗಿಗೆ ಬಡಿಯಿತು. ಆರು ವರ್ಷದವಳಿದ್ದಾಗ ರಜೆಯ ದಿನಗಳಲ್ಲಿ ಅಪ್ಪನ ಪಕ್ಕದಲ್ಲಿ ಕೂತು ಉಣ್ಣುವಾಗ ಇದ್ದದ್ದೂ ಇದೇ ವಾಸನೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತಳು.

"ಹತ್ತಮ್ಮ. ಬಾಗಿಲು ಮೆಲ್ಲಗೆ ಹಾಕು, ಧಡ್ ಅನ್ಸಿದ್ರೆ ಅವನಿಗೆ ಆಗ್ತಿರಲಿಲ್ಲ," ಎಂದರು ಚಿಕ್ಕಪ್ಪ.

ಅಪ್ಪ ಈಗ ಹಿಂದೆ, ಲಾರಿಯ ಹಲಗೆಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಇಪ್ಪತ್ತೆಂಟು ವರ್ಷ ಓಡಿಸಿದ ಗಾಡಿಯಲ್ಲೇ ಕೊನೆಯ ಪಯಣವೂ ಆಗಲಿ ಎಂದು ಎಲ್ಲರೂ ಒಪ್ಪಿದ್ದರು. ಚಿಕ್ಕಪ್ಪನಿಗೆ ಕಣ್ಣಿಗೆ ಪೊರೆ. ಓಡಿಸಲು ಬರುತ್ತಿದ್ದುದು ಅಪ್ಪ ಕಲಿಸಿದ್ದ ಮಗಳಿಗೆ ಮಾತ್ರ.

ಅಮ್ಮ ಮನೆಯೊಳಗಿನಿಂದ ಬಂದು, ದಿನವೂ ಅಪ್ಪನಿಗೆ ಕೊಡುತ್ತಿದ್ದಂತೆ, ಕಿಟಕಿಯಲ್ಲಿ ಊಟದ ಡಬ್ಬಿ ಚಾಚಿದರು. ಚಾಚಿದ ಮೇಲೆ, ತಾನೇನು ಮಾಡಿದೆನೆಂದು ಹೊಳೆದು ಕೈ ಹಿಂದೆಳೆಯಹೋದರು.

"ಇರಲಿ ಅತ್ತಿಗೆ, ಕೊಡಿ," ಎಂದ ಚಿಕ್ಕಪ್ಪ ಅದನ್ನು ಎಂದಿನ ಜಾಗದಲ್ಲಿ, ಎರಡು ಸೀಟುಗಳ ನಡುವೆ ಉಬ್ಬಿದ್ದ ಇಂಜಿನ್ ಮುಚ್ಚಳದ ಮೇಲೆ ಇಟ್ಟರು. ಅಮ್ಮ ಹಿಂದೆ ಹೋಗಿ ಅಪ್ಪನ ಬಳಿ ಕೂತರು. ಲಾರಿಯ ರಿಪೇರಿ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಮುಂದೆ, ಚಿಕ್ಕಪ್ಪನ ಪಕ್ಕ ಹತ್ತಿಕೊಂಡ.

ಲಾರಿ ಊರು ದಾಟಿತು.

"ಈ ಹಳೇ ಗಾಡಿ ಜೊತೆ ಒದ್ದಾಡಿ ಸವೆದುಹೋದ. ಹೊಸ ಲಾರಿ ತಗೊಂಡಿದ್ರೆ ಇನ್ನೊಂದು ಹತ್ತು ವರ್ಷ ಇರ್ತಿದ್ದ," ಎಂದರು ಚಿಕ್ಕಪ್ಪ. "ಕಾಯಿ, ಕಾಯಿ ಅಂದೋಳು ನೀನೇ ತಾನೆ? ಓದಿದ ಮಗಳು ಹೇಳಿದ್ಮೇಲೆ ಅವನಿಗೆ ಬೇರೆ ಮಾತುಂಟಾ?"

"ಇವತ್ತು ಬೇಡ ಕಣಯ್ಯ," ಎಂದ ಮೆಕ್ಯಾನಿಕ್.

"ಇವತ್ತಲ್ದೆ ಇನ್ಯಾವತ್ತು?"

*

ಅವಳು ಹೊಗೆ ತಪಾಸಣೆ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅಪ್ಪ ಅಲ್ಲಿಗೆ ಬಂದು, ಜೇಬಿನಿಂದ ಹೊಸ ಲಾರಿಯ ಚಿತ್ರ ತೆಗೆದು ಮೇಜಿನ ಮೇಲೆ ಹರಡಿದ್ದ. "ತಗೊಂಡ್ಬಿಡಲಾ?"

"ಈಗ ಬೇಡಪ್ಪ. ಮುಂದಿನ ವರ್ಷ ಹೊಗೆ ಕಮ್ಮಿ ಇರೋ ಇಂಜಿನ್ ಬರುತ್ತೆ. ಈಗ ತಗೊಂಡ್ರೆ ಹೊಸದಾಗಿ ಹಳೇದನ್ನ ಕೊಂಡ ಹಾಗೆ."

ಮರುವರ್ಷ ಕೇಳಿದಾಗ, ಬ್ಯಾಟರಿಯಲ್ಲಿ ಓಡುವ ಲಾರಿ ಬರುತ್ತಿದೆ, ಇನ್ನೆರಡು ವರ್ಷ ತಡಿ ಅಂದಳು.

ಅಪ್ಪ ನಕ್ಕಿದ್ದ. "ನಿನ್ನ ಇಂಜಿನ್ನು ನಿನ್ನ ಸೋದರತ್ತೆ ಹುಡುಕೋ ಗಂಡಿನ ಹಾಗಾಯ್ತು. ಯಾವಾಗ್ಲೂ ಮುಂದಿನ ಊರಲ್ಲೇ ಇರುತ್ತೆ."

ಚಿತ್ರವನ್ನು ಜೋಪಾನವಾಗಿ ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡಿದ್ದ. ಆರು ತಿಂಗಳಿಗೊಮ್ಮೆ ಅವಳೇ ಲಾರಿಯ ಹಿಂದಿನ ಹೊಗೆ ಕೊಳವೆಗೆ ಕಡ್ಡಿ ತೂರಿಸಿ ಅಳೆಯುತ್ತಿದ್ದಳು. ಪ್ರತಿಸಲವೂ ಪಾಸು. ಅಪ್ಪನಿಗೆ ಕೆಮ್ಮು ಶುರುವಾದಾಗ ಅವನು ಸಾಗಿಸುವ ಸಿಮೆಂಟ್ ಮೂಟೆಯ ಧೂಳಿರಬೇಕು ಎಂದುಕೊಂಡಳು. ಅದೇ ಕೆಮ್ಮು ಕೊನೆಗೆ ಅವನನ್ನು ಕೊಂಡೊಯ್ದಿತು.

*

ಅರ್ಧ ದಾರಿಗೆ ಅವಳ ತಲೆ ಸಿಡಿಯತೊಡಗಿತು. ಅತ್ತದ್ದಕ್ಕೆ ಎಂದುಕೊಂಡಳು. ತಿರುವಿನಲ್ಲಿ ಬಿಸಿಲು ಒಳಗೆ ಬಿದ್ದಾಗ ಕಂಡಿತು: ಡಬ್ಬಿಯ ಕೆಳಗೆ, ಮುಚ್ಚಳದ ಅಂಚಿನಿಂದ, ನೀಲಿ ಹೊಗೆಯ ಎಳೆಯೊಂದು ಏಳುತ್ತಿತ್ತು.

"ಇಲ್ಲಿ ದಪ್ಪ ಹೊದಿಕೆ ಇತ್ತಲ್ಲ, ಸುತ್ತ ರಬ್ಬರ್ ಪಟ್ಟಿ. ಎಲ್ಲಿ?"

ಮೆಕ್ಯಾನಿಕ್ ಆ ಅಂಚಿಗೆ ತನ್ನ ಕರವಸ್ತ್ರ ಒತ್ತಿದ.

"ನಾನೇ ಬಿಚ್ಚಿ ಹಾಕ್ದೆ. ಅದಿದ್ರೆ ಡಬ್ಬಿ ಬೇಗ ಬಿಸಿಯಾಗಲ್ಲ ಅಂತಿದ್ದ ನಿಮ್ಮಪ್ಪ. ಆಗಿನ್ನೂ ಇಂಜಿನ್ ಸೋರ್ತಿರಲಿಲ್ಲಮ್ಮ. ಆಮೇಲೆ ಸೋರೋಕೆ ಶುರುವಾದಾಗ ಸರಿ ಮಾಡ್ತೀನಿ ಬಾ ಅಂದೆ. ಹೊಸದು ಬರೋದಿದೆಯಲ್ಲ, ಇದಕ್ಯಾಕೆ ಇನ್ನು ಅಂದ."

"ಯಾವಾಗ ಹಾಗಂದ?"

"ಮೂರು ವರ್ಷ ಆಯ್ತು."

ಅವಳ ಕಾಲು ತಾನಾಗಿ ವೇಗ ತಗ್ಗಿಸಿತು. "ನಾನು ಹಿಂದೆ ಮಾತ್ರ ಅಳೆದೆ," ಎಂದಳು. "ಒಳಗೆ ಒಂದು ಸಲಾನೂ ಅಳೀಲಿಲ್ಲ."

ಚಿಕ್ಕಪ್ಪ ತಮ್ಮ ಕಡೆಯ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು. ಸ್ವಲ್ಪ ದೂರ ಹೋದ ಮೇಲೆ, ತಮಗೇ ಹೇಳಿಕೊಳ್ಳುವಂತೆ, "ಅವನ ಜೊತೆ ಹೋದಾಗೆಲ್ಲ ನನಗೂ ತಲೆ ನೋಯ್ತಿತ್ತು. ಬಿಸಿಲಿಗೆ ಅಂದ್ಕೊಂಡೆ," ಎಂದರು.

*

ಸ್ಮಶಾನದಲ್ಲಿ ಎಲ್ಲ ಮುಗಿದು ಜನ ಚದುರಿದರು. ಅಮ್ಮನನ್ನು ನೆರೆಯವರು ತಮ್ಮ ಕಾರಿನಲ್ಲಿ ಕರೆದೊಯ್ದರು. ಮಗಳಿಗೆ ಮತ್ತೆ ಒಳಗೆ ಹತ್ತಲಾಗಲಿಲ್ಲ. ಲಾರಿಯ ಮೆಟ್ಟಿಲ ಮೇಲೆ, ಚಕ್ರಕ್ಕೆ ಒರಗಿ ಕೂತಳು.

ಚಿಕ್ಕಪ್ಪ ಲಾರಿಯ ಎರಡೂ ಬಾಗಿಲುಗಳನ್ನು ಅಗಲವಾಗಿ ತೆರೆದಿಟ್ಟರು. ಒಳಗೆ ಬಗ್ಗಿ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಇನ್ನೂ ಆರದ ಡಬ್ಬಿ ಮುಟ್ಟಿ, ಚುರುಕ್ಕೆಂದು ಕೈ ಹಿಂದೆಗೆದುಕೊಂಡರು. ಹೆಗಲ ಮೇಲಿನ ಟವೆಲ್ಲಿನಲ್ಲಿ ಅದನ್ನು ಹಿಡಿದು ತಂದು, ಮುಚ್ಚಳ ಬಿಚ್ಚಿ, ಅವಳ ಕೈ ಸುಡದಂತೆ ಟವೆಲ್ಲಿನ ಸಮೇತ ಅವಳ ಮಡಿಲಲ್ಲಿ ಇಟ್ಟರು.